ರಜೆಯ ಮೆಂಬರ್‌ಶಿಪ್: ಆಸ್ತಿಯೆಂದು ಕೊಂಡದ್ದು, ಅಂತಸ್ತೆಂದು ಉಳಿದದ್ದು

2025ರ ಸೆಪ್ಟೆಂಬರ್ 22ರಿಂದ ಹೋಟೆಲ್ ರೂಮುಗಳ ಮೇಲಿನ ಜಿ.ಎಸ್.ಟಿ. ದರ ಬದಲಾಯಿತು. ದಿನಕ್ಕೆ 7,500 ರೂಪಾಯಿವರೆಗಿನ ಬಾಡಿಗೆಗೆ ಅಲ್ಲಿಯತನಕ ಇದ್ದ ಶೇ. 12ರ ತೆರಿಗೆ ಶೇ. 5ಕ್ಕೆ ಇಳಿಯಿತು, ಅದಕ್ಕಿಂತ ದುಬಾರಿ ರೂಮುಗಳಿಗೆ ಶೇ. 18 ಹಾಗೆಯೇ ಮುಂದುವರಿಯಿತು. ಗೋಕರ್ಣದಲ್ಲೋ ಮುರ್ಡೇಶ್ವರದಲ್ಲೋ ಎರಡು ದಿನ ರೂಮು ಹಿಡಿದು ಉಳಿಯುವವರಿಗೆ ಈ ಸುದ್ದಿಯಲ್ಲಿ ಅರ್ಥವಾಗದ್ದೇನೂ ಇಲ್ಲ. ತಲೆಬಿಸಿಯಾಗುವುದು ರೆಸಾರ್ಟ್ ಕಂಪನಿಗಳಿಂದ 25 ವರ್ಷದ ರಜೆಯ ಮೆಂಬರ್‌ಶಿಪ್, ಅಂದರೆ ಟೈಮ್‌ಶೇರ್, ಕೊಂಡವರಿಗೆ. ರೂಮಿನ ತೆರಿಗೆ ಇಳಿದಿದೆ ಎಂದು ಸರ್ಕಾರ ಹೇಳುತ್ತಿರುವಾಗ, ತಾವು ವರ್ಷ ವರ್ಷ ಕಟ್ಟುವ ನಿರ್ವಹಣಾ ಶುಲ್ಕದ ಬಿಲ್ಲಿನಲ್ಲಿ ಮಾತ್ರ ಶೇ. 18 ಏಕೆ ಇಳಿಯದೆ ನಿಂತಿದೆ ಎಂಬುದು ಅವರ ಪ್ರಶ್ನೆ.

ಉತ್ತರ ಚಿಕ್ಕದು, ಆದರೆ ಅದು ಎಬ್ಬಿಸುವ ವಿಷಯ ದೊಡ್ಡದು. ಹೋಟೆಲಿಗೆ ಕೊಡುವ ಹಣ ಒಂದು ನಿರ್ದಿಷ್ಟ ರಾತ್ರಿಯ ತಂಗುವಿಕೆಗೆ ಸಲ್ಲುತ್ತದೆ. ಮೆಂಬರ್‌ಶಿಪ್‌ಗೆ ಕೊಟ್ಟ ಹಣವಾಗಲಿ, ಸದಸ್ಯರೆಲ್ಲ ಎ.ಎಸ್.ಎಫ್. ಎಂದೇ ಕರೆಯುವ ವಾರ್ಷಿಕ ಶುಲ್ಕವಾಗಲಿ ಯಾವ ರಾತ್ರಿಗೂ ಸೇರಿದ್ದಲ್ಲ. ಆ ವರ್ಷ ಪ್ರವಾಸ ಹೋದರೂ ಶುಲ್ಕ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಹೀಗಾಗಿ ತೆರಿಗೆಯ ಲೆಕ್ಕದಲ್ಲಿ ಅದು ರೂಮಿನ ಬಾಡಿಗೆಯಾಗದೆ ಸದಸ್ಯತ್ವದ ಸೇವೆಯಾಗುತ್ತದೆ. 4,000 ರೂಪಾಯಿಯ ರೂಮು ಹಿಡಿದವರು 200 ರೂಪಾಯಿ ತೆರಿಗೆ ಕೊಟ್ಟು ಹೊರಡುತ್ತಾರೆ. ‘ನಮ್ಮದೇ ರೆಸಾರ್ಟ್ ಇದೆ’ ಎನ್ನುವ ಕುಟುಂಬ 20,000 ರೂಪಾಯಿಯ ಎ.ಎಸ್.ಎಫ್. ಮೇಲೆ 3,600 ರೂಪಾಯಿ ತೆರಿಗೆಯನ್ನು ಮನೆಯಲ್ಲಿ ಕುಳಿತೇ ಕೊಡುತ್ತದೆ.

ತೆರಿಗೆಯ ಕಾನೂನು ಇವರನ್ನು ಒಡೆಯರೆಂದು ನೋಡುವುದಿಲ್ಲ ಎಂಬುದು ಈ ಬಿಲ್ಲಿನಿಂದ ಹೊರಬಿದ್ದ ಸಂಗತಿ. ಆದರೆ ಕೊಂಡವರು ತಮ್ಮನ್ನು ಹಾಗೆಯೇ ನೋಡಿಕೊಂಡಿದ್ದರು, ಮಾರಿದವರು ಹಾಗೆಯೇ ಮಾರಿದ್ದರು. ಈ ವ್ಯವಹಾರದ ಸುತ್ತ ಬೆಳೆದ ಅಂತಸ್ತಿನ ಭಾವನೆ, ಅಂದರೆ ಕೊಂಡವರ ಹೆಮ್ಮೆ ಮತ್ತು ಕೊಳ್ಳದವರ ತಾತ್ಸಾರ ಎರಡೂ ಸೇರಿ, ಕರಾರನ್ನು ಸರಿಯಾಗಿ ಓದದಂತೆ ಮಾಡಿವೆ ಮತ್ತು ನಷ್ಟವಾದಾಗ ಬಾಯಿ ಬಿಡದಂತೆ ಮಾಡಿವೆ. ಉತ್ತರ ಕನ್ನಡದಂಥ ಜಿಲ್ಲೆಯಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ಹಂತ ಹಂತವಾಗಿ ನೋಡಬೇಕು.

ಕೊಂಡದ್ದು ಏನು?

ರಜೆಯ ಮನೆಯನ್ನು ಹಲವರು ಪಾಲು ಹಾಕಿಕೊಂಡು ಬಳಸುವ ಪದ್ಧತಿ 1960ರ ದಶಕದ ಯುರೋಪಿನಲ್ಲಿ ಶುರುವಾಯಿತು. 1963ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಹಾಪಿಮಾಗ್ ಕಂಪನಿ ಅದರ ಮೊದಲಿಗರಲ್ಲಿ ಒಂದು. ಒಂದು ಊರಿನ ತನ್ನ ವಾರವನ್ನು ಬಿಟ್ಟುಕೊಟ್ಟು ಇನ್ನೊಂದು ಊರಿನ ವಾರವನ್ನು ಪಡೆಯುವ ವಿನಿಮಯಕ್ಕಾಗಿ 1974ರಲ್ಲಿ ಅಮೆರಿಕದಲ್ಲಿ ಆರ್.ಸಿ.ಐ. ಬಂತು. ಭಾರತದಲ್ಲಿ 1986ರಲ್ಲಿ ಸ್ಟರ್ಲಿಂಗ್, 1996ರಲ್ಲಿ ಮಹೀಂದ್ರಾ ಸಮೂಹದ ಹಾಲಿಡೇಸ್ ಕಂಪನಿ ಶುರುವಾದವು.

ಅಮೆರಿಕಕ್ಕೂ ನಮಗೂ ಇರುವ ಮುಖ್ಯ ವ್ಯತ್ಯಾಸ ಕಾಗದಪತ್ರದಲ್ಲಿದೆ. ಅಲ್ಲಿ ಅನೇಕ ಟೈಮ್‌ಶೇರ್‌ಗಳು ನೋಂದಾಯಿತ ಪತ್ರದ ಮೂಲಕ ಬರುವ ಸ್ಥಿರಾಸ್ತಿಯ ಪಾಲುಗಳು. ಇಲ್ಲಿ ಸಾಮಾನ್ಯವಾಗಿ ಮಾರಾಟವಾಗುವುದು ಬಳಕೆಯ ಹಕ್ಕು ಮಾತ್ರ: ವರ್ಷಕ್ಕೆ ಇಷ್ಟು ರಾತ್ರಿ, ಇಂಥ ಋತುವಿನಲ್ಲಿ, ಇಂಥ ಅಳತೆಯ ಅಪಾರ್ಟ್‌ಮೆಂಟಿನಲ್ಲಿ, ಇಷ್ಟು ವರ್ಷಗಳ ಕಾಲ. ಅವಧಿ ಮುಗಿದ ದಿನ ಹಕ್ಕೂ ಮುಗಿಯುತ್ತದೆ. ಭೂಮಿಯ ಒಂದು ಗುಂಟೆಯೂ, ಕಟ್ಟಡದ ಒಂದು ಇಟ್ಟಿಗೆಯೂ ಸದಸ್ಯರ ಹೆಸರಿಗೆ ಬರುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ಇದು ಹೊಸ ಕಲ್ಪನೆಯೇನಲ್ಲ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು, ದರಕು ತರುವ ಸೌಲಭ್ಯ ತೋಟದವರದು, ನೆಲ ಸರ್ಕಾರದ್ದು ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ಆದರೆ ಬೆಟ್ಟದ ಸೌಲಭ್ಯ ತೋಟಕ್ಕೆ ಅಂಟಿಕೊಂಡಿರುತ್ತದೆ, ತೋಟದ ಜೊತೆಗೇ ಮುಂದಿನ ತಲೆಮಾರಿಗೆ ಹೋಗುತ್ತದೆ. ರೆಸಾರ್ಟಿನ ಹಕ್ಕು ಅಂಟಿಕೊಂಡಿರುವುದು ಒಂದು ಕಂಪನಿಯ ಕರಾರಿಗೆ. ಕಂಪನಿ ತನ್ನ ರೆಸಾರ್ಟುಗಳ ಪಟ್ಟಿಯನ್ನು ಬದಲಿಸಬಹುದು, ಗುತ್ತಿಗೆಯ ಕಟ್ಟಡವನ್ನು ಬಿಟ್ಟುಕೊಡಬಹುದು, ವಾರ್ಷಿಕ ಶುಲ್ಕವನ್ನು ಏರಿಸಬಹುದು. ಎಷ್ಟರ ಮಟ್ಟಿಗೆ ಎಂಬುದು ಕರಾರಿನಲ್ಲಿ ಬರೆದಂತೆ.

ಜಮೀನಿನ ಕಾಗದದ ಬೆಲೆ ಈ ಜಿಲ್ಲೆಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ದಿನಕರ ದೇಸಾಯಿಯವರ ಮುಂದಾಳತ್ವದ ರೈತ ಹೋರಾಟ ಕಂಡ ನೆಲವಿದು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ನಮೂನೆ 7 ತುಂಬಿ, ಭೂ ನ್ಯಾಯ ಮಂಡಳಿಯ ಮುಂದೆ ನಿಂತು, ಪಹಣಿಯಲ್ಲಿ ಹೆಸರು ಏರಿಸಿಕೊಂಡದ್ದು ಇನ್ನೂ ಅನೇಕ ಮನೆಗಳ ನೆನಪು. ಹಾಗಿದ್ದೂ ಅದೇ ಮನೆಗಳ ಮುಂದಿನ ತಲೆಮಾರು ಪಹಣಿಯೂ ಇಲ್ಲದ, ನೋಂದಣಿಯೂ ಇಲ್ಲದ ಒಂದು ಸದಸ್ಯತ್ವ ಪತ್ರಕ್ಕೆ ಲಕ್ಷಗಟ್ಟಲೆ ಏಕೆ ಕೊಟ್ಟಿತು? ಮರುಳಾಗಿ ಕೊಟ್ಟರು ಎನ್ನುವುದು ಸುಲಭದ ಉತ್ತರ, ಸರಿಯಾದ ಉತ್ತರವಲ್ಲ.

ಅಜ್ಜನ ಮನೆ, ಐ.ಬಿ., ಹಾಲಿಡೇ ಹೋಮ್

ಒಂದೆರಡು ತಲೆಮಾರಿನ ಹಿಂದೆ ಈ ಭಾಗದಲ್ಲಿ ರಜೆಗೆ ಹಣ ಕೊಟ್ಟು ಉಳಿಯುವ ಪದ್ಧತಿಯೇ ವಿರಳವಾಗಿತ್ತು. ಬೇಸಿಗೆಯ ರಜೆ ಎಂದರೆ ಅಜ್ಜನ ಮನೆ. ಹೊರಗೆ ಹೊರಟರೆ ಧರ್ಮಸ್ಥಳ, ತಿರುಪತಿ. ಉಳಿಯುವುದು ನೆಂಟರಲ್ಲಿ ಅಥವಾ ಛತ್ರದಲ್ಲಿ. ಗೋಕರ್ಣಕ್ಕೆ ಬಂದ ಯಾತ್ರಿಕರು ಉಪಾಧಿವಂತರ, ಅಂದರೆ ಅಲ್ಲಿನ ಅರ್ಚಕ ಮನೆತನದವರ, ಮನೆಗಳಲ್ಲಿ ಇಳಿದುಕೊಳ್ಳುತ್ತಿದ್ದರು, ಅಲ್ಲಿನ ಸಂಬಂಧ ಕುಲಪರಂಪರೆಯದಾಗಿತ್ತೇ ಹೊರತು ಗಿರಾಕಿಯದಾಗಿರಲಿಲ್ಲ. ತೋಟ, ಗದ್ದೆ, ದೊಡ್ಡ ಮನೆ ಇದ್ದವರಿಗೆ ರಜೆಯೂ ಆ ಆಸ್ತಿಯ ಒಂದು ಭಾಗವಾಗಿಯೇ ಸಿಗುತ್ತಿತ್ತು. ಬೆಂಗಳೂರಿಗೆ ಹೋದ ಮಗ ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದದ್ದು ಹಲಸಿನ ಹಪ್ಪಳ, ಮಾವಿನ ಹಣ್ಣು, ಹೊಳೆಯ ಸ್ನಾನ ಎಲ್ಲವೂ ಬಿಟ್ಟಿಯಾಗಿ ಸಿಗುವ ಮನೆಗೆ.

ಆಸ್ತಿಯ ಬದಲು ಹುದ್ದೆ ಇದ್ದವರಿಗೆ ಬೇರೊಂದು ದಾರಿ ಇತ್ತು. ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರದಲ್ಲಿ, ಜನರ ಬಾಯಲ್ಲಿ ಐ.ಬಿ.ಯಲ್ಲಿ, ರೂಮು ಸಿಗುವುದೆಂದರೆ ಅದು ರೂಮಿನ ಮಾತಾಗಿರಲಿಲ್ಲ, ಪ್ರಭಾವದ ಮಾತಾಗಿತ್ತು. ಬಾಡಿಗೆ ನಗಣ್ಯ, ಆದರೆ ಅದನ್ನು ಕಾದಿರಿಸಲು ಒಬ್ಬ ಅಧಿಕಾರಿಯ ಪರಿಚಯ ಬೇಕು. ಬ್ಯಾಂಕು, ವಿಮಾ ನಿಗಮಗಳ ನೌಕರರಿಗೆ ಪ್ರವಾಸಿ ಊರುಗಳಲ್ಲಿ ಹಾಲಿಡೇ ಹೋಮ್‌ಗಳು ಬಂದವು. ಕೇಂದ್ರ ಸರ್ಕಾರದ ನೌಕರರಿಗೆ ನಾಲ್ಕು ವರ್ಷಗಳ ಬ್ಲಾಕ್‌ನಲ್ಲಿ ಎಲ್.ಟಿ.ಸಿ., ಅಂದರೆ ರಜೆಯ ಪ್ರಯಾಣದ ಖರ್ಚು, ಸಿಗುತ್ತದೆ; ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆಗಳು ಬಂದ ಮೇಲೆ ಪ್ರವಾಸವೂ ಸಂಬಳದ ಒಂದು ಭಾಗವೆಂದು ಎಣಿಸುವ ಕುಟುಂಬಗಳು ಕಾರವಾರದಲ್ಲಿ ಹೆಚ್ಚಿದವು.

ಹೀಗೆ ಆಸ್ತಿಯವರಿಗೆ ಹಿರಿಯರ ಮನೆ, ಅಧಿಕಾರದವರಿಗೆ ಐ.ಬಿ., ಸಂಘಟಿತ ನೌಕರರಿಗೆ ಹಾಲಿಡೇ ಹೋಮ್ ಇದ್ದವು. ಈ ಮೂರರಲ್ಲಿ ಯಾವುದೂ ಇಲ್ಲದವರು ಯಾರು? ಖಾಸಗಿ ಕಂಪನಿಯ ನೌಕರರು, ಸ್ವಂತ ಅಂಗಡಿ ಇಟ್ಟು ಮೇಲೆ ಬಂದವರು, ಗುತ್ತಿಗೆದಾರರು, ಗಲ್ಫಿನಿಂದ ಹಣ ಕಳಿಸುವವರು, ಪಾಲಾಗಿ ಹಿಸೆಯಲ್ಲಿ ಎರಡು ಗುಂಟೆಯೂ ಉಳಿಯದ ಮನೆಗಳಿಂದ ಹೊರಬಿದ್ದು ಪೇಟೆಯಲ್ಲಿ ನೆಲೆ ನಿಂತವರು. ಇವರ ಕೈಯಲ್ಲಿ ಹಣ ಬಂತು, ಆದರೆ ಆ ಹಣಕ್ಕೆ ತಕ್ಕ ಮರ್ಯಾದೆಯ ಜಾಗ ಬರಲಿಲ್ಲ. ಯಾರ ಶಿಫಾರಸೂ ಇಲ್ಲದೆ, ಯಾರ ಹಂಗೂ ಇಲ್ಲದೆ, ಮುನ್ನಾರಿನಲ್ಲೋ ಊಟಿಯಲ್ಲೋ ‘ಬನ್ನಿ ಸರ್’ ಎಂದು ಹೆಸರು ಹಿಡಿದು ಸ್ವಾಗತಿಸುವ ವ್ಯವಸ್ಥೆ ಇವರಿಗಾಗಿ ಮಾರುಕಟ್ಟೆಗೆ ಬಂದದ್ದು ಈ ಸಮಯದಲ್ಲಿ. ದೊಡ್ಡ ಉದ್ಯಮ ಸಮೂಹಗಳ ಹೆಸರು ಬೆನ್ನಿಗಿದ್ದದ್ದರಿಂದ ನಂಬಿಕೆಯೂ ಬಂತು. ಅಮೆರಿಕದಲ್ಲೂ ನಡೆದದ್ದು ಇದೇ: ಬೀದಿಯಲ್ಲಿ ಹಿಡಿದು ಮಾರುವ ಸರಕೆಂದು ಹೆಸರು ಕೆಟ್ಟಿದ್ದ ಟೈಮ್‌ಶೇರ್‌ಗೆ 1984ರಲ್ಲಿ ಮ್ಯಾರಿಯಟ್, 1991ರಲ್ಲಿ ಡಿಸ್ನಿ ಕೈಹಾಕಿದ ಮೇಲೆ ಮರ್ಯಾದೆಯ ಲೇಪ ಬಂದಿತು.

ಆಯ್ಕೆಯಾದ ಹೆಮ್ಮೆ

ಮಾರಾಟದ ಕ್ರಮವೂ ಈ ಹಸಿವನ್ನು ಅರಿತೇ ರೂಪುಗೊಂಡಿದೆ. ಪೆಟ್ರೋಲ್ ಬಂಕಿನಲ್ಲೋ ಹುಬ್ಬಳ್ಳಿಯ ಮಾಲಿನಲ್ಲೋ ಕೂಪನ್ ತುಂಬಿಸಿಕೊಳ್ಳುತ್ತಾರೆ. ಕೆಲವು ದಿನಗಳ ನಂತರ ಫೋನು ಬರುತ್ತದೆ: ನೀವು ಆಯ್ಕೆಯಾಗಿದ್ದೀರಿ, ಗಿಫ್ಟ್ ವೋಚರ್ ಕಾದಿದೆ, ಗಂಡ ಹೆಂಡತಿ ಇಬ್ಬರೂ ಬರಬೇಕು. ಕಾರು ಇದೆಯೇ, ಕ್ರೆಡಿಟ್ ಕಾರ್ಡ್ ಇದೆಯೇ, ಸ್ವಂತ ಮನೆಯೇ ಎಂದು ವಿಚಾರಿಸುತ್ತಾರೆ. ಕೇಳುವವರಿಗೆ ಅದು ಇ.ಎಂ.ಐ. ಕಟ್ಟಬಲ್ಲವರೇ ಎಂಬ ಪರೀಕ್ಷೆ. ಉತ್ತರಿಸುವವರಿಗೆ ಅದು ತಾವು ಒಂದು ಮಟ್ಟ ಮುಟ್ಟಿದ್ದೇವೆ ಎಂಬ ಪ್ರಮಾಣಪತ್ರ.

ಹೋಟೆಲಿನ ಸಭಾಂಗಣದಲ್ಲಿ ಎರಡು ಮೂರು ತಾಸು ನಡೆಯುವ ಮಾತುಕತೆಯಲ್ಲಿ ರೂಮಿನ ದರದ ಲೆಕ್ಕ ಕಡಿಮೆ, ಮಕ್ಕಳ ನೆನಪುಗಳ ಮಾತು ಹೆಚ್ಚು. ಗಂಡ ಹೆಂಡತಿ ಇಬ್ಬರನ್ನೂ ಕರೆಯುವುದಕ್ಕೆ ಕಾರಣ ಸರಳ: ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂಬ ನೆಪಕ್ಕೆ ಎಡೆಯಿರಬಾರದು. ಇವತ್ತೇ ಸಹಿ ಹಾಕಿದರೆ ಮಾತ್ರ ರಿಯಾಯಿತಿ ಎಂಬ ಗಡುವಿಗೂ ಅದೇ ಕಾರಣ. ಒಂದು ರಾತ್ರಿ ಮನೆಯಲ್ಲಿ ಕಳೆದರೆ ಲೆಕ್ಕ ಶುರುವಾಗುತ್ತದೆ. ಒಪ್ಪದವರಿಗೆ ಕೊನೆಯಲ್ಲಿ ಎದುರಾಗುವ ಪ್ರಶ್ನೆ ಹಣದ್ದಲ್ಲ, ಅಂತಸ್ತಿನದು: ‘ವರ್ಷಕ್ಕೆ ಒಂದು ವಾರ ಕುಟುಂಬಕ್ಕೆ ಖರ್ಚು ಮಾಡಲು ನಿಮಗೆ ಕಷ್ಟವೇ ಸರ್?’ ಹೆಂಡತಿಯ ಎದುರು ಈ ಪ್ರಶ್ನೆಗೆ ಹೌದು ಎನ್ನುವ ಗಂಡಸರು ಕಡಿಮೆ.

ಬಣ್ಣದ ಮೆಟ್ಟಿಲುಗಳು

ಒಳಗೆ ಕಾಲಿಟ್ಟ ಮೇಲೆ ಸದಸ್ಯರೆಲ್ಲ ಸಮಾನರಲ್ಲ. ದೇಶದ ಅತಿ ದೊಡ್ಡ ಯೋಜನೆಯಲ್ಲಿ ವರ್ಷವನ್ನು ನೇರಳೆ, ಕೆಂಪು, ಬಿಳಿ, ನೀಲಿ ಎಂದು ನಾಲ್ಕು ಋತುಗಳಾಗಿ ವಿಂಗಡಿಸಿ, ಬೇಡಿಕೆ ಹೆಚ್ಚಿರುವ ವಾರಗಳಿಗೆ ಹೆಚ್ಚು ಬೆಲೆ ಇಟ್ಟು ಮಾರಲಾಗಿದೆ. ಅದರೊಳಗೆ ಮತ್ತೆ ಸ್ಟುಡಿಯೊ, ಒಂದು ಬೆಡ್‌ರೂಮು, ಎರಡು ಬೆಡ್‌ರೂಮು ಎಂಬ ಭೇದ. ಕಡಿಮೆ ಬೆಲೆಯ ಬಣ್ಣ ಕೊಂಡ ಶಾಲಾಮಕ್ಕಳ ತಂದೆತಾಯಿ ಎಡವುವುದು ಇಲ್ಲಿಯೇ. ಮಕ್ಕಳಿಗೆ ರಜೆ ಇರುವುದು ಏಪ್ರಿಲ್, ಮೇ ಮತ್ತು ದಸರಾದಲ್ಲಿ. ಅವರ ಹಕ್ಕು ಇರುವುದು ಶಾಲೆ ನಡೆಯುವ ವಾರಗಳಲ್ಲಿ. ಮೇಲಿನ ಬಣ್ಣದವರಿಗೂ ನಿರಾಳವಿಲ್ಲ, ಏಕೆಂದರೆ ಎಲ್ಲರಿಗೂ ಬೇಕಾದ ವಾರಗಳು ಅವೇ ಆದ್ದರಿಂದ ತಿಂಗಳುಗಳ ಮೊದಲೇ ಕಾದಿರಿಸಬೇಕು.

ಕರಾವಳಿಯ ಮಟ್ಟಿಗೆ ಬೇಡಿಕೆ ಇಳಿಯುವ ಕಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ. ಮಳೆಯ ಸಮುದ್ರವನ್ನು ನೋಡಲು ಬಯಸುವವರಿಗೆ ಅದು ಅಗ್ಗದ ಭಾಗ್ಯವೇ ಸರಿ. ಆದರೆ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿದ್ದನ್ನೂ, ಮೂರು ವಾರದ ನಂತರ ಕಾರವಾರದ ಹಳೆಯ ಕಾಳಿ ಸೇತುವೆ ಬಿದ್ದುದನ್ನೂ ಕಂಡವರಿಗೆ, ದಿನಾಂಕ ಮೊದಲೇ ನಿಗದಿ ಮಾಡಿಕೊಂಡ ಮಳೆಗಾಲದ ವಾರದ ಅಪಾಯ ಬಿಡಿಸಿ ಹೇಳಬೇಕಿಲ್ಲ.

ಮೂರು ಕಡೆಯ ತಾತ್ಸಾರ

ಈ ವಿಷಯದಲ್ಲಿ ಜನರ ನಿಲುವುಗಳು ಅವರವರ ಆಸ್ತಿಯ ಸ್ವರೂಪವನ್ನೇ ಹಿಂಬಾಲಿಸುತ್ತವೆ. ಜಮೀನಿರುವವರು ನಗುತ್ತಾರೆ. ಅಷ್ಟು ಹಣಕ್ಕೆ ಊರಲ್ಲಿ ನಾಲ್ಕು ಗುಂಟೆ ಬರುತ್ತಿತ್ತು, ತೆಂಗು ಹಾಕಿದ್ದರೆ ಮೊಮ್ಮಕ್ಕಳು ಎಳನೀರು ಕುಡಿಯುತ್ತಿದ್ದರು ಎಂಬುದು ಅವರ ವಾದ. ಕೇಳಲು ವಿವೇಕದ ಮಾತು. ಆದರೆ ಹಿರಿಯರಿಂದ ಬಂದ ಮನೆಯಲ್ಲಿ ಬಿಟ್ಟಿ ರಜೆ ಕಳೆಯುವವರು ಆ ಸೌಕರ್ಯ ತಮಗೆ ಜನ್ಮದಿಂದ ಬಂದದ್ದೆಂಬುದನ್ನು ಮರೆತು ಆಡುವ ಮಾತೂ ಹೌದು. ಜಮೀನಿಲ್ಲದ ಮನೆಯಲ್ಲಿ ಹುಟ್ಟಿದವರಿಗೆ ನಾಲ್ಕು ಗುಂಟೆ ಕೊಳ್ಳುವುದು ಇಂದಿನ ಕುಮಟೆ, ಹೊನ್ನಾವರದ ದರದಲ್ಲಿ ಅಷ್ಟು ಸಲೀಸಲ್ಲ.

ಎರಡನೆಯ ತಾತ್ಸಾರ ಸದಸ್ಯರದ್ದೇ. ಲಾಡ್ಜಿನಲ್ಲಿ ಉಳಿಯುವವರು, ಟೆಂಪೊ ಟ್ರಾವೆಲರ್‌ನಲ್ಲಿ ಅಕ್ಕಿಬೇಳೆ ಕಟ್ಟಿಕೊಂಡು ಬರುವವರು ತಮಗಿಂತ ಕೆಳಗಿನವರೆಂಬ ಭಾವ ಅವರ ಮಾತಿನಲ್ಲಿ ಇಣುಕುವುದುಂಟು. ‘ನಾವು ಹೋಟೆಲಿಗೆ ಹೋಗುವುದಿಲ್ಲ, ನಮ್ಮದು ಮೆಂಬರ್‌ಶಿಪ್ ಇದೆ’ ಎಂಬ ವಾಕ್ಯವನ್ನು ಮದುವೆ ಮನೆಯ ಪಂಕ್ತಿಯಲ್ಲಿ ಕೇಳದವರು ಅದೃಷ್ಟವಂತರು. ಮೂರನೆಯದು ಐ.ಟಿ.ಯಲ್ಲಿರುವ ಕಿರಿಯರದು. ಫೋನಿನಲ್ಲಿ ಎರಡು ನಿಮಿಷದಲ್ಲಿ ಹೋಂಸ್ಟೇ ಹುಡುಕಿ, ಪ್ರತಿ ಸಲ ಬೇರೆ ಊರಿಗೆ ಹೋಗುವ ಇವರಿಗೆ 25 ವರ್ಷದ ಕರಾರು ಹಳೆಯ ಕಾಲದ ಮಧ್ಯಮ ವರ್ಗದ ಭಯದಂತೆ ಕಾಣುತ್ತದೆ. ಇವರ ಲೆಕ್ಕ ಹೆಚ್ಚು ಸರಿಯಾಗಿದೆ, ಧ್ವನಿ ಮಾತ್ರ ಅಷ್ಟೇ ಅಹಂಕಾರದ್ದು.

ಕಂಪನಿಗಳ ವಾದವನ್ನೂ ತಳ್ಳಿಹಾಕುವಂತಿಲ್ಲ. ವಯಸ್ಸಾದ ತಂದೆತಾಯಿ, ಎರಡು ಮಕ್ಕಳು ಇರುವ ಕುಟುಂಬಕ್ಕೆ ಅಡುಗೆಯ ಸೌಕರ್ಯವಿರುವ ಅಪಾರ್ಟ್‌ಮೆಂಟು ಎರಡು ಹೋಟೆಲ್ ರೂಮುಗಳಿಗಿಂತ ಅನುಕೂಲ. ಗುಣಮಟ್ಟ ಊರಿಂದ ಊರಿಗೆ ಹೆಚ್ಚು ಏರುಪೇರಾಗುವುದಿಲ್ಲ. ಹಣ ಮುಂಗಡವಾಗಿ ಹೋಗಿರುವುದರಿಂದಲೇ, ಇಲ್ಲದಿದ್ದರೆ ಎಂದೂ ರಜೆ ಹಾಕದ ಅಂಗಡಿಯವರು ವರ್ಷಕ್ಕೊಮ್ಮೆ ಬಾಗಿಲು ಹಾಕಿ ಹೊರಡುತ್ತಾರೆ. ಮೊದಲ ವರ್ಷದಿಂದ ತಪ್ಪದೆ ಬಳಸಿದ, ಕಾದಿರಿಸುವ ಚಾಕಚಕ್ಯ ಕಲಿತ ಕುಟುಂಬಗಳು ತೃಪ್ತಿಯಿಂದಲೇ ಇವೆ.

ಕಾಗದದ ಮೇಲಿನ ಲೆಕ್ಕ

ಉದಾಹರಣೆಗೆ, ತೆರಿಗೆ ಸೇರಿ 4 ಲಕ್ಷ ರೂಪಾಯಿ ಕೊಟ್ಟು ವರ್ಷಕ್ಕೆ 7 ರಾತ್ರಿಗಳ ಸದಸ್ಯತ್ವ ಕೊಂಡಿದ್ದಾರೆ ಎಂದಿಟ್ಟುಕೊಳ್ಳೋಣ. ಅದೇ ಹಣ ಶೇ. 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 28,000 ರೂಪಾಯಿ ಬಡ್ಡಿ. ಎ.ಎಸ್.ಎಫ್. 20,000, ಅದರ ಮೇಲಿನ ಜಿ.ಎಸ್.ಟಿ. 3,600. ಒಟ್ಟು 51,600 ರೂಪಾಯಿಯನ್ನು 7ರಿಂದ ಭಾಗಿಸಿದರೆ ಒಂದು ರಾತ್ರಿಗೆ ಸುಮಾರು 7,370 ರೂಪಾಯಿ ಬೀಳುತ್ತದೆ. 4,000 ರೂಪಾಯಿಯ ರೂಮನ್ನು ಶೇ. 5ರ ತೆರಿಗೆ ಸೇರಿಸಿ 7 ರಾತ್ರಿ ಹಿಡಿದರೆ ಆಗುವುದು 29,400. ಠೇವಣಿಯ ಅಸಲು ಕೊನೆಯಲ್ಲಿ ಕೈಗೆ ಬರುತ್ತದೆ, ಸದಸ್ಯತ್ವದ 4 ಲಕ್ಷ ಬರುವುದಿಲ್ಲ. ಅದನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಒಂದು ವರ್ಷ ಹೋಗದೆ, ಆ ರಾತ್ರಿಗಳನ್ನು ಮುಂದಕ್ಕೆ ಉಳಿಸಿಕೊಳ್ಳಲೂ ಆಗದೆ ಹೋದರೆ, ಉಳಿದ ರಾತ್ರಿಗಳ ಬೆಲೆ ಇನ್ನೂ ಏರುತ್ತದೆ.

ಈ ಹೋಲಿಕೆಗೆ ಎರಡು ತಿದ್ದುಪಡಿ ಬೇಕು. ದಿನಕ್ಕೆ 9,000 ರೂಪಾಯಿಯ ದೊಡ್ಡ ಅಪಾರ್ಟ್‌ಮೆಂಟನ್ನೇ ಹೇಗಿದ್ದರೂ ಹಿಡಿಯುತ್ತಿದ್ದವರಿಗೆ ಹೊರಗೆ ಶೇ. 18ರ ತೆರಿಗೆಯೇ ಬೀಳುತ್ತದೆ, ಅವರಿಗೆ ಸದಸ್ಯತ್ವ ಲಾಭವೇ ಆಗಬಹುದು. ಮುಂದಿನ ವರ್ಷಗಳಲ್ಲಿ ಹೋಟೆಲ್ ದರ ಏರುತ್ತದೆ ಎಂಬುದೂ ನಿಜ, ಆದರೆ ಎ.ಎಸ್.ಎಫ್. ಕೂಡ ಏರುತ್ತದೆ. ಅಂದರೆ ಈ ಸರಕು ಗಿಟ್ಟುವುದು ಈಗಾಗಲೇ ದುಬಾರಿ ರಜೆ ಕಳೆಯುವ ಅಭ್ಯಾಸ ಇರುವವರಿಗೆ. ಆ ಮಟ್ಟಕ್ಕೆ ಏರಲು ಬಯಸಿ ಸಾಲದ ಮೇಲೆ ಕೊಂಡವರಿಗೆ ಅದೇ ಸರಕು ಅತ್ಯಂತ ತುಟ್ಟಿಯಾಗುತ್ತದೆ, ಏಕೆಂದರೆ ಅವರು ಬಡ್ಡಿ ಕಳೆದುಕೊಳ್ಳುವುದಿಲ್ಲ, ಬಡ್ಡಿ ಕಟ್ಟುತ್ತಾರೆ. ಹೊಸ ತೆರಿಗೆ ದರ ಈ ಅಂತರವನ್ನು ಸ್ವಲ್ಪ ಹಿಗ್ಗಿಸಿದೆ.

ಮಾರಲು ಹೊರಟಾಗ ಇನ್ನೊಂದು ಸತ್ಯ ಎದುರಾಗುತ್ತದೆ. ಮರುಮಾರಾಟದ ಪೇಟೆ ಇಲ್ಲವೆನ್ನುವಷ್ಟು ತೆಳು. ಹೊಸದಾಗಿ ಕೊಳ್ಳುವಾಗಿನ ಬೆಲೆಯಲ್ಲಿ ಮಾರಾಟದ ಖರ್ಚು, ಕಮಿಷನ್, ಪ್ರಚಾರ ಎಲ್ಲ ಅಡಗಿರುವುದರಿಂದ ಎರಡನೆಯ ಕೈಗೆ ಆ ಬೆಲೆ ಎಂದೂ ಸಿಗುವುದಿಲ್ಲ. ಮೊದಲ ಕೈಯ ಕೊಳ್ಳುವಿಕೆಯಲ್ಲಿದ್ದ ಮರ್ಯಾದೆಯೂ ಎರಡನೆಯ ಕೈಗೆ ದಾಟುವುದಿಲ್ಲ.

ರೂಮಿನ ಹೆಸರು, ಬಡ್ಡಿಯ ಆಸೆ

ಬಳಕೆಗೆಂದು ಕೊಳ್ಳುವ ಸದಸ್ಯತ್ವವನ್ನೂ ಹೂಡಿಕೆಯ ವೇಷದ ಯೋಜನೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಮುಂಬಯಿಯ ಪ್ಯಾನ್‌ಕಾರ್ಡ್ ಕ್ಲಬ್ಸ್ ಪ್ರಕರಣ ಎರಡನೆಯ ಬಗೆಯದು. ಮುಂದಿನ ವರ್ಷಗಳ ಹೋಟೆಲ್ ರಾತ್ರಿಗಳನ್ನು ಈಗಲೇ ಕೊಳ್ಳಿ, ಬಳಸದಿದ್ದರೆ ಅವಧಿಯ ಕೊನೆಗೆ ಹೆಚ್ಚಿನ ಮೊತ್ತ ಹಿಂದೆ ಪಡೆಯಿರಿ ಎಂಬುದು ಅದರ ಸ್ವರೂಪ. ಇದು ರಜೆಯ ಮಾರಾಟವಲ್ಲ, ಅನುಮತಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು ಬಂಡವಾಳ ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ ತೀರ್ಮಾನಿಸಿ, 2016ರ ಫೆಬ್ರುವರಿಯಲ್ಲಿ ಹಣ ಹಿಂದಿರುಗಿಸುವಂತೆ ಆದೇಶಿಸಿತು. ಆದೇಶದ ಪ್ರಕಾರ 50 ಲಕ್ಷಕ್ಕೂ ಹೆಚ್ಚು ಜನರಿಂದ ಸಂಗ್ರಹವಾದ ಮೊತ್ತ 7,000 ಕೋಟಿ ರೂಪಾಯಿಗೂ ಮೇಲೆ.

ಅಷ್ಟು ಜನರಲ್ಲಿ ಬಹುಪಾಲು ಮಂದಿಗೆ ಆ ಹೋಟೆಲುಗಳಲ್ಲಿ ಉಳಿಯುವ ಆಸೆಯೇ ಇದ್ದಿರಲಾರದು. ಪರಿಚಯದ ಏಜೆಂಟರ ಕೈಗೆ ಕಂತು ಕೊಡುವ ಸಣ್ಣ ಉಳಿತಾಯದವರಿಗೆ ರೂಮು ಒಂದು ನೆಪವಾಗಿತ್ತು. ಸರಳ ಗುರುತು ಇದು: ‘ಉಳಿಯದಿದ್ದರೆ ಹೆಚ್ಚು ಹಣ ವಾಪಸ್’ ಎನ್ನುವ ಯೋಜನೆಯಲ್ಲಿ ಮಾರಾಟವಾಗುತ್ತಿರುವುದು ರಜೆಯಲ್ಲ.

ಮುಂದೆ ಏನಾಗಬಹುದು

ಜನ ದೀರ್ಘ ಕರಾರಿನಿಂದ ದೂರ ಸರಿಯುವ ಸುಳಿವು ಕಂಪನಿಗಳಿಗೆ ಮೊದಲೇ ಸಿಕ್ಕಿದೆ. 25 ವರ್ಷದ ಬದಲು ಮೂರು ವರ್ಷ, ಹತ್ತು ವರ್ಷದ ಸದಸ್ಯತ್ವಗಳು ಪೇಟೆಗೆ ಬಂದಿವೆ. 2014ರಲ್ಲಿ ಥಾಮಸ್ ಕುಕ್ ಇಂಡಿಯಾದ ತೆಕ್ಕೆಗೆ ಬಂದ ಸ್ಟರ್ಲಿಂಗ್, ಸದಸ್ಯರಲ್ಲದ ಸಾಮಾನ್ಯ ಅತಿಥಿಗಳಿಗೆ ರೂಮು ಮಾರುವ ಕಡೆಗೆ ವಾಲಿದೆ. ಸದಸ್ಯರಿಗೆ ಮೀಸಲಾದ ಜಾಗವೆಂಬ ಪ್ರತ್ಯೇಕತೆ ತೆಳುವಾದಷ್ಟೂ, ಆ ಪ್ರತ್ಯೇಕತೆಗೆಂದೇ ಹಣ ಕೊಟ್ಟ ಹಳೆಯ ಸದಸ್ಯರ ಅಸಮಾಧಾನ ಹೆಚ್ಚುವುದು ಸಹಜ. ಶುಲ್ಕ ಕಟ್ಟುವುದನ್ನು ಸುಮ್ಮನೆ ನಿಲ್ಲಿಸುವವರೂ ಹೆಚ್ಚಬಹುದು. ಅದು ಬಿಡುಗಡೆಯ ದಾರಿಯಲ್ಲ. ಬಾಕಿ ಬೆಳೆಯುತ್ತದೆ, ಕಾದಿರಿಸುವ ಹಕ್ಕು ತಡೆಹಿಡಿಯಲ್ಪಡುತ್ತದೆ, ಕೊನೆಗೆ ಕರಾರು ರದ್ದಾದರೆ ಎಷ್ಟು ಹಣ ಹಿಂದೆ ಬರುತ್ತದೆ ಎಂಬುದು ಕರಾರಿನ ಸಣ್ಣ ಅಕ್ಷರಗಳಲ್ಲಿರುತ್ತದೆ.

ಜಿಲ್ಲೆಯ ರೆಸಾರ್ಟು, ಹೋಂಸ್ಟೇಗಳಿಗೆ ಹೊಸ ತೆರಿಗೆ ದರದಿಂದ ಅನುಕೂಲವೇ ಹೆಚ್ಚು, ಏಕೆಂದರೆ ಇಲ್ಲಿನ ಬಹುಪಾಲು ರೂಮುಗಳು 7,500 ರೂಪಾಯಿಯ ಮಿತಿಯೊಳಗೇ ಬರುತ್ತವೆ.

ಸಂಕೋಚ ಮತ್ತು ಕಾಲಮಿತಿ

ಯುರೋಪಿನ ಒಕ್ಕೂಟ 1994ರಲ್ಲೇ ಟೈಮ್‌ಶೇರ್ ಬಗ್ಗೆ ಪ್ರತ್ಯೇಕ ನಿಯಮ ತಂದು, 2008ರಲ್ಲಿ ಅದನ್ನು ಬಿಗಿಗೊಳಿಸಿತು. ಸಹಿ ಹಾಕಿದ 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು, ಆ ಅವಧಿಯಲ್ಲಿ ಮುಂಗಡ ಪಡೆಯುವುದಕ್ಕೇ ನಿಷೇಧ. ಭಾರತದಲ್ಲಿ ಟೈಮ್‌ಶೇರ್‌ಗೆಂದೇ ಒಂದು ಕಾನೂನಿಲ್ಲ. ಕೆಲವು ಕಂಪನಿಗಳು ಕೆಲವೇ ದಿನಗಳ ಮರುಚಿಂತನೆಯ ಅವಧಿಯನ್ನು ಕರಾರಿನಲ್ಲಿ ಕೊಟ್ಟಿರುತ್ತವೆ, ಅದು ಮೀರಿದರೆ ಉಳಿಯುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ.

ಈ ಕಾಯ್ದೆ ಹಿಂದಿನದಕ್ಕಿಂತ ಒಂದು ದೊಡ್ಡ ಅನುಕೂಲ ಮಾಡಿದೆ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಾರಾಟ ಹುಬ್ಬಳ್ಳಿಯಲ್ಲಿ ನಡೆದಿರಲಿ, ಕಂಪನಿಯ ಕಚೇರಿ ಚೆನ್ನೈಯಲ್ಲಿರಲಿ, ಶಿರಸಿಯವರು ಹೋಗಬೇಕಾದದ್ದು ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ. ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿ, 5 ಲಕ್ಷದವರೆಗೆ ದೂರಿನ ಶುಲ್ಕವೂ ಇಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಮೊದಲು ವಿಚಾರಿಸಲು 1915 ಸಹಾಯವಾಣಿ ಇದೆ. ವಿವಾದವನ್ನು ಮಧ್ಯಸ್ಥಿಕೆಗೆ (ಆರ್ಬಿಟ್ರೇಷನ್) ಒಪ್ಪಿಸಬೇಕೆಂಬ ಷರತ್ತು ಕರಾರಿನಲ್ಲಿದ್ದರೂ ಅದು ಗ್ರಾಹಕ ಆಯೋಗದ ಬಾಗಿಲನ್ನು ಮುಚ್ಚುವುದಿಲ್ಲ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. ಆದರೆ ಕರಾರೇ ಅನ್ಯಾಯದ್ದು ಎಂಬ ದೂರನ್ನು ಮಾತ್ರ ಜಿಲ್ಲಾ ಆಯೋಗ ಕೇಳುವಂತಿಲ್ಲ, ಅದಕ್ಕೆ ರಾಜ್ಯ ಆಯೋಗಕ್ಕೇ ಹೋಗಬೇಕು. ಸೇವೆಯ ನ್ಯೂನತೆ ಅಥವಾ ಅನುಚಿತ ವ್ಯಾಪಾರ ಪದ್ಧತಿಯ ದೂರಿಗೆ ಕಾರವಾರ ಸಾಕು.

ಬಾಗಿಲು ಹತ್ತಿರವಿದ್ದೂ ಜನ ಅಲ್ಲಿಗೆ ತಲುಪುವುದು ತಡವಾಗುತ್ತದೆ. ಮೊದಲ ವರ್ಷ ಬೇಕಾದ ವಾರ ಸಿಗದಿದ್ದಾಗ ಮುಂದಿನ ವರ್ಷ ನೋಡೋಣ ಎನ್ನುತ್ತಾರೆ. ಎರಡನೆಯ ವರ್ಷ ಯಾರಿಗೂ ಹೇಳದೆ ಬೇರೆ ಹೋಟೆಲಿನಲ್ಲಿ ಉಳಿದು ಬರುತ್ತಾರೆ. ಮೆಂಬರ್‌ಶಿಪ್ ಕೊಂಡ ದಿನ ಸಂಬಂಧಿಕರಿಗೆಲ್ಲ ಹೇಳಿಯಾಗಿದೆ. ಈಗ ಮೋಸವಾಯಿತು ಎಂದರೆ ‘ಆಗಲೇ ಹೇಳಿರಲಿಲ್ಲವೇ’ ಎನ್ನಲು ತೋಟದ ಮನೆಯ ಭಾವಂದಿರು ಕಾದು ಕುಳಿತಿದ್ದಾರೆ. ಹೊರಗಿನವರ ತಾತ್ಸಾರ ಹೀಗೆ ಕಂಪನಿಯ ಕೆಲಸವನ್ನೇ ಮಾಡಿಕೊಡುತ್ತದೆ: ನಗೆಪಾಟಲಾಗುವ ಭಯದಿಂದ ನಷ್ಟ ಹೊರಗೆ ಬರುವುದಿಲ್ಲ, ಹೊರಗೆ ಬರದ್ದರಿಂದ ಅದೇ ಓಣಿಯ ಇನ್ನೊಂದು ಮನೆಗೆ ಅದೇ ಫೋನು ಹೋದಾಗ ಎಚ್ಚರಿಸುವವರು ಇರುವುದಿಲ್ಲ.

ಕಾಯ್ದೆಯ 69ನೇ ಕಲಮಿನ ಪ್ರಕಾರ ದೂರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ತಡವಾದದ್ದಕ್ಕೆ ಸಾಕಷ್ಟು ಕಾರಣ ತೋರಿಸಿದರೆ ಆಯೋಗ ಅದನ್ನು ಬರಹದಲ್ಲಿ ದಾಖಲಿಸಿ ಮನ್ನಿಸಬಹುದು. ಹಾಗಾಗಿ ಕೇಳಿದ ವಾರ ಸಿಗಲಿಲ್ಲ ಎಂಬ ಇ-ಮೇಲ್, ಮಾರಾಟದ ದಿನ ಕೊಟ್ಟ ಭರವಸೆಯ ವಾಟ್ಸ್ಆ್ಯಪ್ ಸಂದೇಶ, ಕಂಪನಿಗೆ ಬರೆದ ಪತ್ರಕ್ಕೆ ಬಂದ ಉತ್ತರ, ಇವನ್ನು ದಿನಾಂಕದ ಸಮೇತ ಮೊದಲ ಸಲದಿಂದಲೇ ತೆಗೆದಿಟ್ಟುಕೊಳ್ಳಬೇಕು. ಕಾಲಮಿತಿ ಯಾವಾಗ ಶುರುವಾಯಿತು ಎಂಬ ವಾದವೆಲ್ಲ ಕೊನೆಗೆ ನಿಲ್ಲುವುದು ಈ ದಿನಾಂಕಗಳ ಮೇಲೆ.